ಆನ್ರಿ ದ್ಯುತ್ರೋಶೆ: ಪೊರೆ ದಾಟುವ ನೀರನ್ನು ಅಳೆದವನು

ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಗಾಗುವಷ್ಟರಲ್ಲಿ ಅದು ಉಬ್ಬಿರುತ್ತದೆ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಎರಡು ಮೂರು ದಿನಗಳಲ್ಲಿ ಹೋಳುಗಳು ನೀರು ಬಿಟ್ಟು ಸುಕ್ಕುಗಟ್ಟುತ್ತವೆ. ಇವೆರಡೂ ಒಂದೇ ವಿದ್ಯಮಾನದ ಎರಡು ಮುಖಗಳು. ತೆಳುವಾದ ಪೊರೆಯೊಂದರ ಒಂದು ಬದಿಯಲ್ಲಿ ತಿಳಿನೀರೂ ಇನ್ನೊಂದು ಬದಿಯಲ್ಲಿ ಸಕ್ಕರೆ ಅಥವಾ ಉಪ್ಪು ಕರಗಿದ ನೀರೂ ಇದ್ದಾಗ, ನೀರು ಪೊರೆಯನ್ನು ದಾಟಿ ದ್ರಾವಣವಿರುವ ಕಡೆಗೆ ಹರಿಯುತ್ತದೆ. ನಮ್ಮ ಶಾಲಾ ಪಠ್ಯಗಳು ಇದನ್ನು ಅಭಿಸರಣೆ ಎನ್ನುತ್ತವೆ; ಆಸ್ಮಾಸಿಸ್ ಎಂಬ ಹೆಸರೂ ಎಲ್ಲರಿಗೂ ಪರಿಚಿತವೇ. ಅಡುಗೆಮನೆಗೆ ಅನಾದಿಯಿಂದ ಗೊತ್ತಿದ್ದ ಈ ಸಂಗತಿಯನ್ನು ಗಾಜಿನ ಕೊಳವೆಯೊಂದರಲ್ಲಿ ಹಿಡಿದು ಅಳೆದು, ಅದಕ್ಕೊಂದು ಹೆಸರಿಟ್ಟು, ಸಸ್ಯ ಹಾಗೂ ಪ್ರಾಣಿಗಳ ಬದುಕೇ ಅದರ ಮೇಲೆ ನಿಂತಿದೆಯೆಂದು ಧೈರ್ಯದಿಂದ ಸಾರಿದವನು ಫ್ರಾನ್ಸಿನ ವೈದ್ಯ ಆನ್ರಿ ದ್ಯುತ್ರೋಶೆ. ಅವನ ವಿವರಣೆಗಳಲ್ಲಿ ಹಲವು ಉಳಿಯಲಿಲ್ಲ. ಅವನು ಕಂಡದ್ದು ಮಾತ್ರ ಉಳಿಯಿತು.

ರೆನೆ ಜೋಆಕಿಂ ಆನ್ರಿ ದ್ಯುತ್ರೋಶೆ ಹುಟ್ಟಿದ್ದು 1776ರ ನವೆಂಬರ್ 14ರಂದು, ಮಧ್ಯ ಫ್ರಾನ್ಸಿನ ಪೊಆತು ಪ್ರಾಂತದ ನೆಯೋಂ ಎಂಬ ಕೋಟೆಮನೆಯಲ್ಲಿ. ಸಿರಿವಂತ ಶ್ರೀಮಂತ ಮನೆತನದ ಹಿರಿಯ ಮಗ; ತಂದೆ ರಾಜನ ಸೇನೆಯಲ್ಲಿ ಅಧಿಕಾರಿ. ಎಲ್ಲವೂ ಇದ್ದ ಮನೆಯಲ್ಲಿ ಮಗು ಹುಟ್ಟುವಾಗಲೇ ಪಾದ ತಿರುಚಿಕೊಂಡಿತ್ತು. ಹೆಸರಾಂತ ವೈದ್ಯರು ಕೈಚೆಲ್ಲಿದ ಮೇಲೆ ಆ ಪಾದವನ್ನು ನೇರಮಾಡಿದವನು ನಾಟಿ ವೈದ್ಯವನ್ನೂ ಬಲ್ಲ ಒಬ್ಬ ಗಲ್ಲಿಗೇರಿಸುವ ನೌಕರನೆಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. ಕೇಳಲು ಕಟ್ಟುಕತೆಯಂತಿದ್ದರೂ ಇದರಲ್ಲಿ ಅಸಹಜವಾದುದೇನಿಲ್ಲ. ಎಲುಬು ಕೀಲುಗಳ ಪರಿಚಯ ಆ ವೃತ್ತಿಯವರಿಗೆ ಚೆನ್ನಾಗಿಯೇ ಇರುತ್ತಿತ್ತು; ಹಳೆಯ ಯೂರೋಪಿನಲ್ಲಿ ಅವರಲ್ಲಿ ಅನೇಕರು ಮೂಳೆ ಕೂಡಿಸುವ ಕೆಲಸವನ್ನೂ ಮಾಡುತ್ತಿದ್ದರು.

ಬಾಲಕನಿಗೆ ಹದಿಮೂರು ತುಂಬುವ ಮೊದಲೇ ಫ್ರೆಂಚ್ ಕ್ರಾಂತಿ ಸಿಡಿಯಿತು. ತಂದೆ ದೇಶಬಿಟ್ಟು ಹೋದ. ದೇಶಬಿಟ್ಟವರ ಆಸ್ತಿಯನ್ನೆಲ್ಲ ಹೊಸ ಸರಕಾರ ಮುಟ್ಟುಗೋಲು ಹಾಕಿಕೊಂಡಿತು. ಸುಖದಲ್ಲಿ ಬೆಳೆದ ಮಕ್ಕಳು ಅನ್ನಕ್ಕೆ ದಾರಿ ಹುಡುಕಬೇಕಾಯಿತು. 1799ರಲ್ಲಿ ದ್ಯುತ್ರೋಶೆ ರಾಶ್‌ಫೋರ್ ಬಂದರಿನಲ್ಲಿ ನೌಕಾಸೇನೆಗೆ ಸೇರಿದ. ಬಹುಬೇಗ ಅಲ್ಲಿಂದ ತಲೆಮರೆಸಿಕೊಂಡು, ಪಶ್ಚಿಮ ಫ್ರಾನ್ಸಿನಲ್ಲಿ ಗಣರಾಜ್ಯದ ವಿರುದ್ಧ ಹೋರಾಡುತ್ತಿದ್ದ ರಾಜಪಕ್ಷದ ದಂಗೆಕೋರರನ್ನು ಕೂಡಿಕೊಂಡ. ಆ ದಂಗೆಯೂ ತಣ್ಣಗಾಯಿತು. ಇಪ್ಪತ್ತೈದರ ಹರೆಯದಲ್ಲಿ ಅವನ ಬಳಿ ಆಸ್ತಿಯೂ ಇರಲಿಲ್ಲ, ವಿದ್ಯೆಯೂ ಇರಲಿಲ್ಲ, ಸೋತ ಪಕ್ಷವೊಂದರ ನಂಟು ಮಾತ್ರ ಇತ್ತು. 1802ರಲ್ಲಿ ಪ್ಯಾರಿಸಿಗೆ ಬಂದು ವೈದ್ಯಶಾಸ್ತ್ರದ ವಿದ್ಯಾರ್ಥಿಯಾದ. 1806ರಲ್ಲಿ ಮಾನವನ ಧ್ವನಿ ಹೇಗೆ ಹುಟ್ಟುತ್ತದೆಂಬುದರ ಮೇಲೆ ಪ್ರಬಂಧ ಒಪ್ಪಿಸಿ ಪದವಿ ಪಡೆದ.

ಅವನು ಪ್ಯಾರಿಸಿಗೆ ಬಂದ ಕಾಲ ಗಮನಾರ್ಹವಾದುದು. ಅಲ್ಲಿನ ವೈದ್ಯಶಾಲೆಯ ಮೇಲೆ ಆಗ ಕ್ಸೇವಿಯೆ ಬಿಷಾ ಎಂಬ ಅಂಗರಚನಾಶಾಸ್ತ್ರಜ್ಞನ ಪ್ರಭಾವ ದಟ್ಟವಾಗಿತ್ತು. ಬಿಷಾ 1802ರಲ್ಲಿ ಮೂವತ್ತರ ಹರೆಯದಲ್ಲೇ ತೀರಿಕೊಂಡರೂ ಅವನ ಪುಸ್ತಕಗಳು ಆಳುತ್ತಿದ್ದವು. ಜೀವಿಗಳಲ್ಲಿ ಭೌತನಿಯಮಗಳಿಗೆ ಅಧೀನವಲ್ಲದ ವಿಶೇಷ ಗುಣಗಳಿವೆ, ಬದುಕೆಂಬುದು ಸಾವನ್ನು ಎದುರಿಸಿ ನಿಲ್ಲುವ ಕ್ರಿಯೆಗಳ ಮೊತ್ತ ಎಂಬುದು ಅವನ ಮತ. ಸೂಕ್ಷ್ಮದರ್ಶಕವನ್ನು ಅವನು ನಂಬುತ್ತಿರಲಿಲ್ಲ. ಗಿಡದಲ್ಲಿ ರಸ ಮೇಲೇರುವುದೇಕೆ, ಗ್ರಂಥಿಗಳು ಸ್ರವಿಸುವುದೇಕೆ ಎಂದು ಕೇಳಿದರೆ ಅಂದಿನ ಹಲವು ವಿದ್ವಾಂಸರ ಉತ್ತರ ಜೀವಶಕ್ತಿ ಎಂಬ ಒಂದೇ ಪದದಲ್ಲಿ ಮುಗಿಯುತ್ತಿತ್ತು. ದ್ಯುತ್ರೋಶೆಯ ಮುಂದಿನ ಇಡೀ ಬದುಕು ಈ ಉತ್ತರದೊಡನೆ ನಡೆಸಿದ ವ್ಯಾಜ್ಯ ಎಂದರೆ ತಪ್ಪಾಗದು.

ಆದರೆ ಅದಕ್ಕೆ ಮೊದಲು ಯುದ್ಧವೊಂದನ್ನು ದಾಟಬೇಕಿತ್ತು. 1808ರಲ್ಲಿ ನೆಪೋಲಿಯನ್ ತನ್ನ ಅಣ್ಣ ಜೋಸೆಫನನ್ನು ಸ್ಪೇನಿನ ಸಿಂಹಾಸನದ ಮೇಲೆ ಕೂರಿಸಿದಾಗ ದ್ಯುತ್ರೋಶೆ ಸೈನ್ಯದ ವೈದ್ಯನಾಗಿ ಅಲ್ಲಿಗೆ ಹೋದ. ಬುರ್ಗೋಸ್ ನಗರದಲ್ಲಿ ಟೈಫಸ್ ಜ್ವರ ಹಬ್ಬಿತ್ತು. ಹೇನುಗಳಿಂದ ಹರಡುವ ಈ ರೋಗ ಆ ಕಾಲದ ಸೇನೆಗಳನ್ನು ಗುಂಡಿಗಿಂತ ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿತ್ತು; ಹೇನೇ ಕಾರಣವೆಂದು ತಿಳಿಯಲು ಇನ್ನೂ ನೂರು ವರ್ಷ ಬಾಕಿಯಿತ್ತು. ದ್ಯುತ್ರೋಶೆ ರೋಗಿಗಳ ನಡುವೆ ದುಡಿದು ಒಳ್ಳೆಯ ಹೆಸರು ಗಳಿಸಿದ, ಕೊನೆಗೆ ತಾನೇ ಜ್ವರಕ್ಕೆ ತುತ್ತಾದ. ಬದುಕಿ ಉಳಿದರೂ ಮೈ ಜರ್ಜರಿತವಾಗಿತ್ತು. 1809ರಲ್ಲಿ ಕೆಲಸ ಬಿಟ್ಟು, ತೂರೇನ್ ಪ್ರಾಂತದ ಷಾತೊ-ರನೊ ಊರಿನ ಬಳಿ ತಾಯಿಯಿದ್ದ ಮನೆಗೆ ಮರಳಿದ. ವೈದ್ಯವೃತ್ತಿ ಅಲ್ಲಿಗೆ ಮುಗಿಯಿತು. ಮೂವತ್ಮೂರನೆಯ ವಯಸ್ಸಿನಲ್ಲಿ, ಯಾವ ವಿಶ್ವವಿದ್ಯಾಲಯದ ಹಂಗೂ ಇಲ್ಲದೆ, ಹಳ್ಳಿಯ ಮನೆಯೊಂದರಲ್ಲಿ ಅವನ ನಿಜವಾದ ಕೆಲಸ ಶುರುವಾಯಿತು.

ಹಳ್ಳಿ ಅವನಿಗೆ ಹೊಂದಿತು. ಕೆರೆಯ ನೀರು, ಕೋಳಿಗೂಡು, ತೋಟ, ಕಪ್ಪೆ, ಬಸವನಹುಳು ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ಮೊದಲ ವರ್ಷಗಳಲ್ಲಿ ಹಕ್ಕಿಯ ಮೊಟ್ಟೆಯೊಳಗೆ ಭ್ರೂಣವನ್ನು ಸುತ್ತುವ ಪೊರೆಗಳನ್ನು ಬಿಡಿಸಿ ನೋಡಿದ. ಪೊರೆ ಎಂಬ ವಸ್ತುವಿನ ಬಗೆಗಿನ ಅವನ ಕುತೂಹಲ ಅಲ್ಲಿಂದಲೇ ಕಾಣಿಸಿಕೊಳ್ಳುತ್ತದೆ. ಈ ಕೆಲಸಗಳನ್ನು ಮೆಚ್ಚಿ 1819ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿ ಅವನನ್ನು ಪತ್ರವ್ಯವಹಾರದ ಸದಸ್ಯನನ್ನಾಗಿ ಆರಿಸಿಕೊಂಡಿತು.

1824ರಲ್ಲಿ ಪ್ರಕಟವಾದ ಅವನ ಪುಸ್ತಕ ಪ್ರಾಣಿ ಹಾಗೂ ಸಸ್ಯಗಳ ಒಳರಚನೆಯನ್ನು ಕುರಿತದ್ದು. ಅದರ ನಾಯಕಿ ನಮ್ಮ ಬೇಲಿಸಾಲಿನ ಮುಟ್ಟಿದರೆ ಮುನಿ. ಮುಟ್ಟಿದೊಡನೆ ಎಲೆ ಮಡಚಿಕೊಳ್ಳುವ ಈ ಗಿಡಕ್ಕೆ ಪ್ರಾಣಿಗಳಂತೆ ನರಗಳಿವೆಯೇ ಎಂಬುದು ಆಗಿನ ದೊಡ್ಡ ಪ್ರಶ್ನೆ. ದ್ಯುತ್ರೋಶೆ ಸಸ್ಯದ ತುಣುಕುಗಳನ್ನು ನೈಟ್ರಿಕ್ ಆಮ್ಲದಲ್ಲಿ ಹಾಕಿ ಬಿಸಿಮಾಡಿದ. ಕೋಶಗಳನ್ನು ಒಂದಕ್ಕೊಂದು ಅಂಟಿಸಿದ್ದ ಪದಾರ್ಥ ಕರಗಿ, ಒಂದೊಂದು ಕೋಶವೂ ತನ್ನದೇ ಗೋಡೆಯೊಡನೆ ಬಿಡಿಬಿಡಿಯಾಯಿತು. ಅಲ್ಲಿಯವರೆಗೆ ಅನೇಕರು ಸಸ್ಯದ ಮೈಯನ್ನು ಜೇನುತಟ್ಟಿನಂತೆ, ಅಂದರೆ ಅಖಂಡವಾದ ಪದಾರ್ಥದಲ್ಲಿ ಕೊರೆದ ಗೂಡುಗಳಂತೆ ಕಲ್ಪಿಸಿಕೊಂಡಿದ್ದರು. ಹಾಗಲ್ಲ, ಪ್ರತಿಯೊಂದು ಕೋಶವೂ ಸ್ವತಂತ್ರ ಘಟಕ, ಅವು ಒತ್ತೊತ್ತಾಗಿ ಕೂಡಿ ನಿಂತಿವೆ ಎಂದು ಅವನು ತೋರಿಸಿದ. ಅಲ್ಲಿಗೇ ನಿಲ್ಲದೆ, ಪ್ರಾಣಿಗಳ ಅಂಗಾಂಶವೂ ಇಂತಹ ಕೋಶಗಳಿಂದಲೇ ಆಗಿದೆ, ಇರುವ ಕೋಶಗಳು ಹಿಗ್ಗುವುದರಿಂದಲೂ ಹೊಸ ಕೋಶಗಳು ಸೇರುವುದರಿಂದಲೂ ಬೆಳವಣಿಗೆ ನಡೆಯುತ್ತದೆ, ಸ್ರವಿಸುವ ನಿಜವಾದ ಅಂಗ ಕೋಶವೇ ಎಂದು ಬರೆದ. ಜೀವಕೋಶ ಸಿದ್ಧಾಂತದ ಕರ್ತೃಗಳೆಂದು ಪಠ್ಯಪುಸ್ತಕಗಳು ಹೆಸರಿಸುವ ಶ್ಲೈಡನ್ ಮತ್ತು ಶ್ವಾನ್ ತಮ್ಮ ಬರಹಗಳನ್ನು ಪ್ರಕಟಿಸಿದ್ದು 1838 ಮತ್ತು 1839ರಲ್ಲಿ.

ಇದನ್ನು ಓದಿ ದ್ಯುತ್ರೋಶೆಗೆ ಅನ್ಯಾಯವಾಯಿತೆಂದು ತೀರ್ಮಾನಿಸುವುದು ಆತುರವಾದೀತು. ಅಂದಿನ ಮಸೂರಗಳು ದೋಷಪೂರ್ಣವಾಗಿದ್ದವು. ಬೆಳಕಿನ ಚೆದರಿಕೆಯಿಂದ ಯಾವ ಸಣ್ಣ ಕಣವನ್ನು ನೋಡಿದರೂ ಅದರ ಸುತ್ತ ಉಂಗುರ ಮೂಡಿ ಗುಂಡಗೆ ಕಾಣುತ್ತಿತ್ತು. ಪ್ರಾಣಿ ಅಂಗಾಂಶದಲ್ಲಿ ಅವನು ಕಂಡ ಗುಂಡುಗಳಲ್ಲಿ ಕೆಲವು ನಿಜವಾದ ಕೋಶಗಳು, ಹಲವು ಕಣ್ಣಿನ ಭ್ರಮೆ. ಶ್ವಾನನಿಗೆ ಉತ್ತಮ ಮಸೂರಗಳಿದ್ದವು, ಕೋಶಕೇಂದ್ರವೆಂಬ ಗುರುತೂ ಸಿಕ್ಕಿತ್ತು. ದ್ಯುತ್ರೋಶೆಯ ಊಹೆ ಅವನ ಕಣ್ಣಿಗಿಂತ ಮುಂದೆ ಓಡಿತ್ತು ಎನ್ನುವುದು ಹೆಚ್ಚು ನ್ಯಾಯ.

ಸರಿ, ಶರೀರ ಕೋಶಗಳೆಂಬ ಮುಚ್ಚಿದ ಪುಟ್ಟ ಚೀಲಗಳಿಂದ ಆಗಿದೆಯೆಂದರೆ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಬಾಯಿಲ್ಲದ ಈ ಚೀಲಗಳು ಉಣ್ಣುವುದು ಹೇಗೆ? ನೀರು ಅವುಗಳ ಒಳಕ್ಕೆ ಬರುವುದು ಹೇಗೆ, ಹೊರಕ್ಕೆ ಹೋಗುವುದು ಹೇಗೆ? ಈ ಪ್ರಶ್ನೆಗೆ ಬಾಗಿಲು ತೆರೆದದ್ದು ಒಂದು ಬೂಸ್ಟು. ಗಾಯಗೊಂಡ ಚಿಕ್ಕ ಮೀನೊಂದನ್ನು ದ್ಯುತ್ರೋಶೆ ನೀರಿನಲ್ಲಿಟ್ಟಿದ್ದ. ಗಾಯದ ಮೇಲೆ ಎಳೆಎಳೆಯಾಗಿ ಬೂಸ್ಟು ಬೆಳೆಯಿತು. ಎಳೆಗಳ ತುದಿಯಲ್ಲಿ ಪುಟ್ಟ ಕೋಶಿಕೆಗಳಿದ್ದವು. ಸೂಕ್ಷ್ಮದರ್ಶಕದಡಿ ನೀರಿನಲ್ಲಿ ನೋಡುತ್ತಿರುವಾಗ, ಕೋಶಿಕೆಯ ತುದಿಯಿಂದ ಕಣಗಳು ಹೊರಚಿಮ್ಮಿದವು. ಖಾಲಿಯಾದ ಜಾಗವನ್ನು ನೀರು ಹಿಂದಿನಿಂದ ತುಂಬುತ್ತ, ಉಳಿದ ಕಣಗಳನ್ನು ಮುಂದಕ್ಕೆ ತಳ್ಳುತ್ತಿತ್ತು. ಆದರೆ ಹಿಂಬದಿಯಲ್ಲಿ ನೀರು ಹೊಗಲು ರಂಧ್ರವೇ ಕಾಣಲಿಲ್ಲ. ಚಿಪ್ಪಿಲ್ಲದ ಬಸವನಹುಳುವಿನ ವೀರ್ಯಚೀಲವನ್ನು ನೀರಿಗೆ ಹಾಕಿದಾಗಲೂ ಅದೇ ದೃಶ್ಯ: ನೀರು ಗೋಡೆಯ ಮೂಲಕವೇ ಒಳನುಗ್ಗಿ, ಒಳಗಿದ್ದ ಗಟ್ಟಿ ಪದಾರ್ಥವನ್ನು ಹೊರದೂಡಿತು.

ಇದು ಬದುಕಿರುವ ಚೀಲದ ಮಹಿಮೆಯೋ, ಚೀಲದ ಮಹಿಮೆಯೋ? ಇದನ್ನು ಅರಿಯಲು ಅವನು ಅಡುಗೆಮನೆಯ ಕಸದಲ್ಲಿ ಸಿಗುವಂತಹ ವಸ್ತುವೊಂದನ್ನು ಆರಿಸಿಕೊಂಡ. ಕೋಳಿಯ ಕರುಳಿನಲ್ಲಿ ಒಂದು ತುದಿ ಮುಚ್ಚಿದ ಚೀಲದಂತಹ ಭಾಗವಿರುತ್ತದೆ. ಅದನ್ನು ತೊಳೆದು, ಹಾಲನ್ನೋ ಅಂಟಿನ ದ್ರಾವಣವನ್ನೋ ಅರ್ಧ ತುಂಬಿ, ಬಾಯಿ ಕಟ್ಟಿ ನೀರಿನಲ್ಲಿಟ್ಟ. ಚೀಲ ಬಿಗಿಯಾಗಿ ಊದಿಕೊಂಡಿತು; ತೂಗಿ ನೋಡಿದರೆ ಭಾರ ಹೆಚ್ಚಿತ್ತು. ಒಳಗೆ ತಿಳಿನೀರು, ಹೊರಗೆ ಅಂಟಿನ ದ್ರಾವಣವನ್ನಿಟ್ಟಾಗ ಚೀಲ ಬತ್ತಿತು. ಕೋಳಿ ಸತ್ತು ಎಷ್ಟೋ ಹೊತ್ತಾಗಿತ್ತು. ಇಲ್ಲಿ ಜೀವಶಕ್ತಿಗೆ ಕೆಲಸವೇ ಇರಲಿಲ್ಲ.

ಒಳಕ್ಕೆ ನಡೆಯುವ ಬಲವಾದ ಹರಿವಿಗೆ ಎಂಡೋಸ್ಮೋಸ್ ಎಂದೂ ಹೊರಕ್ಕೆ ನಡೆಯುವ ದುರ್ಬಲವಾದ ಹರಿವಿಗೆ ಎಕ್ಸೋಸ್ಮೋಸ್ ಎಂದೂ ಹೆಸರಿಟ್ಟ. ಗ್ರೀಕಿನಲ್ಲಿ ಓಸ್ಮೋಸ್ ಎಂದರೆ ನೂಕು, ತಳ್ಳು. ಕನ್ನಡದಲ್ಲಿ ಒಳನೂಕು, ಹೊರನೂಕು ಎಂದರೆ ಅವನ ಮನಸ್ಸಿಗೆ ತೀರ ಹತ್ತಿರವಾಗುತ್ತದೆ. ಈ ಪದದ ತುಣುಕೊಂದು ಇಂದು ನಮ್ಮ ಮನೆಮನೆಯಲ್ಲಿದೆ. ನೀರು ಶುದ್ಧೀಕರಿಸುವ ಯಂತ್ರವನ್ನು ಆರ್‌ಓ ಎಂದು ಕರೆಯುತ್ತೇವಲ್ಲ, ಅದರ ಎರಡನೆಯ ಅಕ್ಷರ ದ್ಯುತ್ರೋಶೆಯದೇ. ದ್ರಾವಣದ ಮೇಲೆ ಅಭಿಸರಣದ ಒತ್ತಡವನ್ನು ಮೀರುವಷ್ಟು ಒತ್ತಡ ಹೇರಿದರೆ ನೀರು ಹಿಮ್ಮುಖವಾಗಿ, ಉಪ್ಪನ್ನು ಹಿಂದೆ ಬಿಟ್ಟು ಬರುತ್ತದೆ. ಕೊಲ್ಲಿ ದೇಶಗಳ ಕನ್ನಡಿಗರು ಕುಡಿಯುವ ಸಮುದ್ರಮೂಲದ ನೀರಿನಲ್ಲಿ ದೊಡ್ಡ ಪಾಲು ಸಿದ್ಧವಾಗುವುದೂ, ಕೋಲಾರದಂತಹ ಫ್ಲೋರೈಡ್ ಪೀಡಿತ ಜಿಲ್ಲೆಗಳ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ನಡೆಯುವುದೂ ಈ ಹಿಮ್ಮುಖ ತಂತ್ರದಿಂದಲೇ.

ಪೊರೆ ದಾಟುವ ನೀರನ್ನು ಮೊದಲು ಕಂಡವನು ದ್ಯುತ್ರೋಶೆಯಲ್ಲ ಎಂಬುದನ್ನೂ ಹೇಳಬೇಕು. 1748ರಲ್ಲಿಯೇ ಜಾನ್-ಅಂತ್ವಾನ್ ನೊಲೆ ಎಂಬ ಫ್ರೆಂಚ್ ಪಾದ್ರಿ, ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಚರ್ಮ ಬಿಗಿದು ನೀರಿನಲ್ಲಿ ಮುಳುಗಿಸಿದಾಗ ಚರ್ಮ ಉಬ್ಬಿ ನಿಂತದ್ದನ್ನು ವರದಿ ಮಾಡಿದ್ದ. ಅದು ಒಂದು ವಿಚಿತ್ರವಾಗಿ ಉಳಿಯಿತು. ದ್ಯುತ್ರೋಶೆ ಸೇರಿಸಿದ್ದು ಅಳತೆಯನ್ನು. ಅಗಲ ಬಾಯಿಯ ಗಾಜಿನ ಪಾತ್ರೆಯೊಂದರ ತಳವನ್ನು ಪೊರೆಯಿಂದ ಮುಚ್ಚಿ, ಮೇಲ್ಗಡೆ ಉದ್ದನೆಯ ಗಾಜಿನ ಕೊಳವೆಯನ್ನು ಜೋಡಿಸಿ, ಒಳಗೆ ಸಕ್ಕರೆ ಪಾಕ ತುಂಬಿ ನೀರಿನಲ್ಲಿ ನಿಲ್ಲಿಸಿದ. ಪಾಕ ಕೊಳವೆಯಲ್ಲಿ ಏರತೊಡಗಿತು. ಎಷ್ಟು ಏರಿತು, ಎಷ್ಟು ಹೊತ್ತಿನಲ್ಲಿ ಏರಿತು ಎಂಬುದನ್ನು ಕೊಳವೆಯ ಮೇಲಿನ ಗೆರೆಗಳಲ್ಲಿ ಓದಬಹುದಾಗಿತ್ತು. ಕೊಳವೆಯನ್ನು ಬಾಗಿಸಿ ಪಾದರಸ ತುಂಬಿದಾಗ, ನೀರು ಎಷ್ಟು ಬಲದಿಂದ ತಳ್ಳುತ್ತದೆಂಬುದೂ ಗೊತ್ತಾಯಿತು. ಪಾಕ ಗಟ್ಟಿಯಾದಷ್ಟೂ ಏರಿಕೆ ಹೆಚ್ಚು. ಆ ಹೆಚ್ಚಳ ದ್ರಾವಣದ ಗಟ್ಟಿತನಕ್ಕೆ ಅನುಗುಣವಾಗಿದೆ ಎಂದು ಕಂಡುಕೊಂಡ. ದಟ್ಟ ಪಾಕದ ತಳ್ಳುಬಲ ನಮ್ಮ ಮೇಲಿರುವ ಗಾಳಿಯ ಒತ್ತಡದ ನಾಲ್ಕು ಪಟ್ಟನ್ನೂ ಮೀರೀತೆಂದು ಲೆಕ್ಕಹಾಕಿದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಆಲೂಗಡ್ಡೆ ಕೊರೆದು ಸಕ್ಕರೆ ನೀರು ತುಂಬಿ ಗುಂಡುಸೂಜಿ ಚುಚ್ಚಿ ಮಟ್ಟ ಗುರುತು ಮಾಡಿದ ಓದುಗರು ಈ ಉಪಕರಣದ ಬಡ ಸೋದರನನ್ನು ಬಲ್ಲರು.

1826ರಲ್ಲಿ ಈ ಶೋಧಗಳ ಪುಸ್ತಕ ಹೊರಬಂತು. ಅದರ ಶೀರ್ಷಿಕೆಯಲ್ಲಿ ವಿನಯವಿಲ್ಲ: ಜೀವಚಲನೆಯ ನೇರ ಕಾರಕವನ್ನು, ಅದರ ಸ್ವರೂಪ ಹಾಗೂ ಕಾರ್ಯವಿಧಾನಗಳೊಡನೆ ಬಯಲುಮಾಡಿದ್ದೇನೆಂದು ಅದು ಘೋಷಿಸುತ್ತದೆ. ಬೇರುಗಳು ನೀರು ಹೀರುವುದು, ರಸ ಮೇಲೇರುವುದು, ಎಳೆಯ ಕಾಂಡ ಬಿರುಸಾಗಿ ನಿಲ್ಲುವುದು ಎಲ್ಲಕ್ಕೂ ಒಂದೇ ಬೀಗದಕೈ ಸಿಕ್ಕಿತೆಂಬ ಉತ್ಸಾಹ ಅವನದು. ಕೆಲವೆಡೆ ಆ ಕೈ ನಿಜಕ್ಕೂ ಬೀಗ ತೆರೆಯಿತು. ಕರ್ಣಕುಂಡಲದ ಬಲಿತ ಕಾಯಿಯನ್ನು ಮುಟ್ಟಿ ಸಿಡಿಸುವುದು ನಮ್ಮ ಕಡೆಯ ಮಕ್ಕಳ ಆಟ. ಸಿಡಿದ ಕಾಯಿಯ ಹೋಳುಗಳು ಒಳಮುಖವಾಗಿ ಸುರುಳಿಯಾಗುತ್ತವೆ. ದ್ಯುತ್ರೋಶೆ ಅಂತಹ ಹೋಳುಗಳನ್ನು ಸಕ್ಕರೆ ಪಾಕದಲ್ಲಿ ಹಾಕಿದ; ಸುರುಳಿ ಬಿಚ್ಚಿ, ಹಿಂದುಮುಂದಾಗಿ ಬಾಗಿತು. ಮತ್ತೆ ನೀರಿಗೆ ಹಾಕಿದರೆ ಮೊದಲಿನಂತೆ ಸುತ್ತಿಕೊಂಡಿತು. ಕೋಶಗಳು ನೀರು ತುಂಬಿಕೊಂಡು ಬಿಗಿಯಾಗುವುದೂ ನೀರು ಕಳೆದುಕೊಂಡು ಸಡಿಲಾಗುವುದೂ ಗಿಡದ ಚಲನೆಗೆ ಕಾರಣವೆಂಬ ಇಂದಿನ ತಿಳುವಳಿಕೆಯ ಬೇರು ಈ ಆಟದಂತಹ ಪ್ರಯೋಗದಲ್ಲಿದೆ. ಎತ್ತರದ ಮರದಲ್ಲಿ ರಸ ಏರುವುದಕ್ಕೆ ಮಾತ್ರ ಬೇರಿನ ತಳ್ಳುಬಲ ಸಾಲದು, ಎಲೆಗಳಿಂದ ನೀರು ಆವಿಯಾಗುವಾಗಿನ ಸೆಳೆತ ಮುಖ್ಯ ಎಂಬುದು ಶತಮಾನದ ಕೊನೆಗೆ ತಿಳಿಯಿತು.

ಹರಿವಿನ ಕಾರಣವೇನು ಎಂಬಲ್ಲಿ ಅವನು ಎಡವಿದ. ಅದು ವಿದ್ಯುತ್ತಿನ ಕಾಲ. ವೋಲ್ಟಾನ ವಿದ್ಯುತ್ ಕೋಶ ಬಂದು ಕಾಲು ಶತಮಾನವಾಗಿತ್ತು, ಏನೇ ಒಗಟಿದ್ದರೂ ವಿದ್ಯುತ್ತಿನ ಹೆಸರು ಹೇಳುವುದು ರೂಢಿಯಾಗಿತ್ತು. 1816ರಲ್ಲಿ ಇಂಗ್ಲೆಂಡಿನ ಪಾರೆಟ್ ಎಂಬಾತ, ಪೊರೆಯ ಎರಡು ಬದಿಯ ನೀರಿಗೆ ವಿದ್ಯುತ್ ಧ್ರುವಗಳನ್ನಿಟ್ಟರೆ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆಂದು ತೋರಿಸಿದ್ದ. ದ್ಯುತ್ರೋಶೆಯೂ ಅಂತಹ ಪ್ರಯೋಗ ಮಾಡಿ, ಎರಡು ಭಿನ್ನ ದ್ರವಗಳ ಸಾಮೀಪ್ಯದಿಂದ ಪೊರೆಯಲ್ಲಿ ವಿದ್ಯುತ್ ಹುಟ್ಟಿ ನೀರನ್ನು ಒಯ್ಯುತ್ತದೆಂದು ವಾದಿಸಿದ. ಗಣಿತಜ್ಞ ಪುಆಸೊಂ ಅದನ್ನೊಪ್ಪದೆ, ಪೊರೆಯ ಸೂಕ್ಷ್ಮ ರಂಧ್ರಗಳಲ್ಲಿ ನಡೆಯುವ ಲೋಮನಾಳ ಕ್ರಿಯೆ ಸಾಕೆಂದ. ದ್ಯುತ್ರೋಶೆ ಮತ್ತೆ ಪ್ರಯೋಗಕ್ಕೆ ಇಳಿದ. 1828ರಲ್ಲಿ ಹೊಸ ಶೋಧಗಳ ಇನ್ನೊಂದು ಪುಸ್ತಕ ಬಂತು. ಆಮ್ಲಗಳು ಅವನನ್ನು ಕಾಡಿದವು. ಪ್ರಾಣಿಯ ಪೊರೆಯಾದರೆ ಆಕ್ಸಾಲಿಕ್ ಆಮ್ಲದ ಕಡೆಯಿಂದ ದ್ರವ ನೀರಿನತ್ತ ತಿರುಗುತ್ತಿತ್ತು. ಸಸ್ಯದ ಪೊರೆಯಾದರೆ ದಿಕ್ಕು ಬದಲಾಗುತ್ತಿತ್ತು. ಅಂದರೆ ದ್ರವಗಳ ಗಟ್ಟಿತನವಷ್ಟೇ ಅಲ್ಲ, ಪೊರೆಯ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಹೀಗೆ ತನ್ನ ಸರಳ ನಿಯಮವನ್ನು ಕೆಡಿಸುವ ಸಂಗತಿಗಳನ್ನು ತಾನೇ ಹುಡುಕಿ ಅಚ್ಚುಮಾಡಿಸಿದ್ದು ಅವನ ದೊಡ್ಡ ಗುಣ. ವಿದ್ಯುತ್ತಿನ ವಾದವನ್ನು ಕ್ರಮೇಣ ಕೈಬಿಟ್ಟ.

ಇಂದು ನಾವು ಹೇಳುವ ಕಾರಣ ಇದು. ನೀರಿನ ಅಣುಗಳು ಸದಾ ಚಲಿಸುತ್ತ ಪೊರೆಯನ್ನು ಎರಡೂ ದಿಕ್ಕಿನಲ್ಲಿ ದಾಟುತ್ತಿರುತ್ತವೆ. ಸಕ್ಕರೆ ಕರಗಿರುವ ಬದಿಯಲ್ಲಿ ದಾಟಿ ಹೋಗುವ ನೀರಿನ ಪ್ರವೃತ್ತಿ ಕುಗ್ಗಿರುತ್ತದೆ. ಆದ್ದರಿಂದ ಅತ್ತ ಹೋಗುವ ನೀರು ಇತ್ತ ಬರುವ ನೀರಿಗಿಂತ ಹೆಚ್ಚು. ಸಕ್ಕರೆಯನ್ನು ತಡೆಯುವ ಪೊರೆಯಿದ್ದರೆ, ಏರಿದ ದ್ರವದ ಭಾರ ಈ ವ್ಯತ್ಯಾಸವನ್ನು ಸರಿದೂಗಿಸುವವರೆಗೆ ಹರಿವು ನಡೆಯುತ್ತದೆ. ದ್ಯುತ್ರೋಶೆಯ ಎಕ್ಸೋಸ್ಮೋಸ್ ಎಂಬ ಹಿಮ್ಮುಖ ಹರಿವು ಬಹುಮಟ್ಟಿಗೆ ಅವನ ಪೊರೆಗಳ ದೌರ್ಬಲ್ಯದ ಫಲ. ಮೂತ್ರಕೋಶದ ಚರ್ಮ ಸಕ್ಕರೆಯನ್ನು ಪೂರ್ತಿ ತಡೆಯದು; ಅದು ನಿಧಾನವಾಗಿ ಸೋರಿ ಹೊರಬರುತ್ತಿತ್ತು.

1831ರಲ್ಲಿ ಅಕಾಡೆಮಿ ಅವನನ್ನು ಪೂರ್ಣ ಸದಸ್ಯನನ್ನಾಗಿ ಚುನಾಯಿಸಿತು. ಮರುವರ್ಷ ತಾವರೆ ಜಾತಿಯ ನೀರುಗಿಡಗಳ ಎಲೆಗಳನ್ನು ಪರೀಕ್ಷಿಸಿ, ಎಲೆಯ ಮೇಲಿನ ಪತ್ರರಂಧ್ರಗಳು ಒಳಗಿನ ಗಾಳಿಯ ಅವಕಾಶಗಳೊಡನೆ ಕೂಡಿಕೊಂಡಿವೆ, ಅನಿಲಗಳ ಹಾದಿ ಇದೇ ಎಂದು ತೋರಿಸಿದ. 1837ರಲ್ಲಿ, ಹಸಿರು ಪದಾರ್ಥವಿರುವ ಕೋಶಗಳು ಮಾತ್ರ ಇಂಗಾಲದ ಡೈಆಕ್ಸೈಡನ್ನು ಹೀರಿ ಬಳಸಬಲ್ಲವೆಂದು ಸ್ಪಷ್ಟಪಡಿಸಿದ. ಗಿಡದ ಉಸಿರಾಟವೂ ಪ್ರಾಣಿಯ ಉಸಿರಾಟವೂ ಮೂಲದಲ್ಲಿ ಒಂದೇ ಎಂಬುದು ಅವನ ನಿಲುವು. ಮುಂದೆ ಸೂಕ್ಷ್ಮ ಉಷ್ಣಮಾಪಕಗಳಿಂದ ಗಿಡಗಳ ಮೈಶಾಖವನ್ನೂ ಅಳೆದ. ಇವೆಲ್ಲ ಬಿಡಿಬಿಡಿ ವಿಷಯಗಳಂತೆ ಕಂಡರೂ ಹಟ ಒಂದೇ: ಸಸ್ಯಕ್ಕೊಂದು ನಿಯಮ, ಪ್ರಾಣಿಗೊಂದು ನಿಯಮ, ಕಲ್ಲಿಗೊಂದು ನಿಯಮ ಎಂಬ ಭೇದ ಬೇಡ.

1837ರಲ್ಲಿಯೇ ತನ್ನ ಬರಹಗಳನ್ನು ಆಯ್ದು ತಿದ್ದಿ ಎರಡು ಸಂಪುಟಗಳಲ್ಲಿ ತಂದ. ಅದರ ಆರಂಭದಲ್ಲಿ ಅವನು ಕೊಟ್ಟ ಸೂಚನೆ ಅಪರೂಪದ್ದು: ಹಿಂದೆ ತಾನು ಪ್ರಕಟಿಸಿದ್ದರಲ್ಲಿ ಯಾವುದು ಈ ಸಂಗ್ರಹದಲ್ಲಿಲ್ಲವೋ ಅದನ್ನು ಇಲ್ಲವೆಂದೇ ಓದುಗರು ಭಾವಿಸಬೇಕು ಎಂಬರ್ಥದ ಮಾತು. ಹನ್ನೊಂದು ವರ್ಷಗಳ ಹಿಂದೆ ಜೀವಚಲನೆಯ ರಹಸ್ಯ ಬಯಲಾಯಿತೆಂದು ಸಾರಿದವನೇ ತನ್ನ ಪುಟಗಳನ್ನು ಹೀಗೆ ರದ್ದುಮಾಡಿದ. ಇದರಿಂದ ಅವನಿಗೆ ನಷ್ಟವೂ ಆಯಿತು. ಅವನ ಮೊದಲ ಪುಸ್ತಕಗಳನ್ನು ಓದದವರಿಗೆ ಯಾವುದನ್ನು ಅವನು ಯಾವಾಗ ಹೇಳಿದನೆಂಬ ಕಾಲಕ್ರಮವೇ ಮಸುಕಾಯಿತು.

ಹೀಗೆಂದು ಅವನು ಕೊನೆಯವರೆಗೂ ಎಚ್ಚರದಿಂದಿದ್ದನೆಂದಲ್ಲ. 1840ರ ದಶಕದ ಆರಂಭದಲ್ಲಿ ನೀರಿನ ಮೇಲೆ ಕರ್ಪೂರದ ಚೂರುಗಳು ಗಿರಗಿರನೆ ಓಡುವುದನ್ನು ಕಂಡು, ದ್ರವಗಳ ಮೇಲ್ಮೈಯಲ್ಲಿ ಕೆಲಸಮಾಡುವ ಹೊಸದೊಂದು ಬಲವಿದೆಯೆಂದು ಘೋಷಿಸಿ, ಅದಕ್ಕೂ ಗ್ರೀಕ್ ಹೆಸರಿಟ್ಟ. ಭೌತವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಕರ್ಪೂರದ ಓಟಕ್ಕೆ ಮೇಲ್ಮೈ ಸೆಳೆತದ ವ್ಯತ್ಯಾಸವೇ ಕಾರಣವೆಂದು ಮುಂದೆ ಸ್ಥಿರವಾಯಿತು. ಹೊಸ ಹೆಸರಿಡುವ ಚಪಲ ಒಮ್ಮೆ ಕೀರ್ತಿ ತಂದಿತ್ತು, ಈ ಸಲ ತರಲಿಲ್ಲ.

1847ರ ಫೆಬ್ರವರಿ 4ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ದ್ಯುತ್ರೋಶೆ ಪ್ಯಾರಿಸಿನಲ್ಲಿ ತೀರಿಕೊಂಡ.

ಅವನು ಬಿಟ್ಟುಹೋದ ಕೊಳವೆ ಬೇರೆಯವರ ಕೈಗೆ ಹೋಯಿತು. 1854ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ ಒಳ, ಹೊರ ಎಂಬ ಉಪಸರ್ಗಗಳನ್ನು ಕಿತ್ತು, ಓಸ್ಮೋಸ್ ಎಂಬ ಒಂದೇ ಪದವನ್ನು ಉಳಿಸಿದ. ಪೊರೆ ಕೆಲವನ್ನು ಬಿಟ್ಟು ಕೆಲವನ್ನು ತಡೆಯುವುದನ್ನು ಬಳಸಿ ಪದಾರ್ಥಗಳನ್ನು ಬೇರ್ಪಡಿಸುವ ವಿಧಾನಕ್ಕೆ ಡಯಾಲಿಸಿಸ್ ಎಂದು 1861ರಲ್ಲಿ ಹೆಸರಿಟ್ಟವನೂ ಅವನೇ. ಸೋರುವ ಪೊರೆಯ ಸಮಸ್ಯೆಗೆ ಪರಿಹಾರ ಕಂಡವನು ಜರ್ಮನಿಯ ಮೋರಿಟ್ಸ್ ಟ್ರೌಬ; ತಾಮ್ರದ ಲವಣದಿಂದ ಕೃತಕ ಪೊರೆಯನ್ನು 1867ರಲ್ಲಿ ಅವನು ಸಿದ್ಧಪಡಿಸಿದ. ಅಂತಹ ಪೊರೆಯನ್ನು ಮಣ್ಣಿನ ಪಾತ್ರೆಯ ಗೋಡೆಯೊಳಗೇ ಮೂಡಿಸಿ ವಿಲ್ಹೆಲ್ಮ್ ಫೆಫರ್ 1877ರಲ್ಲಿ ನಿಖರ ಅಳತೆಗಳನ್ನು ಪ್ರಕಟಿಸಿದ: ನೂರಕ್ಕೆ ಒಂದು ಭಾಗ ಮಾತ್ರ ಸಕ್ಕರೆಯಿದ್ದ ದ್ರಾವಣವೂ ಸುಮಾರು 53 ಸೆಂಟಿಮೀಟರ್ ಎತ್ತರದ ಪಾದರಸವನ್ನು ಎತ್ತಿ ನಿಲ್ಲಿಸುತ್ತಿತ್ತು. ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್ ಆಮ್‌ಸ್ಟರ್‌ಡಾಮಿನಲ್ಲಿ ತನ್ನ ಸಹೋದ್ಯೋಗಿ ವಾಂಟ್ ಹಾಫನಿಗೆ ಈ ಅಂಕಿಗಳ ವಿಷಯ ಹೇಳಿದ. ಕರಗಿದ ಪದಾರ್ಥದ ಅಣುಗಳು ಅನಿಲದ ಅಣುಗಳ ನಿಯಮವನ್ನೇ ಪಾಲಿಸುತ್ತವೆಂದು ವಾಂಟ್ ಹಾಫ್ ಅವುಗಳಿಂದ ಕಂಡುಕೊಂಡ. 1901ರಲ್ಲಿ ರಸಾಯನವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಹುಮಾನ ಅವನಿಗೆ ಬಂತು.

ದ್ಯುತ್ರೋಶೆ ಕೋಶದ ಗೋಡೆಯನ್ನೇ ಪೊರೆಯೆಂದು ತಿಳಿದಿದ್ದ. ಗೋಡೆಯ ಒಳಗೆ, ಕಣ್ಣಿಗೆ ಕಾಣದಷ್ಟು ತೆಳುವಾದ ನಿಜವಾದ ಪೊರೆಯೊಂದಿದೆ ಎಂದು ತರ್ಕಿಸಿದವನು ಫೆಫರ್. ಅದು ಕೊಬ್ಬಿನಂತಹ ವಸ್ತುವಿನಿಂದ ಆಗಿರಬೇಕೆಂದು ಅರ್ನೆಸ್ಟ್ ಓವರ್ಟನ್ 1890ರ ದಶಕದಲ್ಲಿ ಊಹಿಸಿದ. ಎಣ್ಣೆಯಲ್ಲಿ ಕರಗುವ ಪದಾರ್ಥಗಳು ಕೋಶದೊಳಕ್ಕೆ ಸುಲಭವಾಗಿ ಹೋಗುತ್ತಿದ್ದವು. ಹಾಗಾದರೆ ಎಣ್ಣೆಯೊಡನೆ ಬೆರೆಯದ ನೀರು ಅಷ್ಟು ವೇಗವಾಗಿ ಹೇಗೆ ದಾಟುತ್ತದೆ? ಈ ತೊಡಕು ಬಹುಕಾಲ ಉಳಿದಿತ್ತು. 1992ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಆಗ್ರೆ ಮತ್ತು ಸಂಗಡಿಗರು, ಕೆಂಪು ರಕ್ತಕಣಗಳ ಪೊರೆಯಲ್ಲಿ ನೀರಿಗೆಂದೇ ಇರುವ ಪ್ರೋಟೀನಿನ ಕಾಲುವೆಯೊಂದನ್ನು ಗುರುತಿಸಿದರು. ಅಂತಹ ಒಂದು ಕಾಲುವೆಯಲ್ಲಿ ಒಂದು ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಲಾಗಿ ಸಾಗುತ್ತವೆ. ಆಗ್ರೆಗೆ 2003ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು.

ಅದೇ ಜಾನ್ಸ್ ಹಾಪ್ಕಿನ್ಸಿನಲ್ಲಿ, 1926ರಷ್ಟು ಹಿಂದೆಯೇ, ಆರ್ನಾಲ್ಡ್ ರಿಚ್ ಎಂಬ ರೋಗವಿಜ್ಞಾನಿ ಮರೆತುಹೋದ ಫ್ರೆಂಚ್ ಪುಸ್ತಕವೊಂದನ್ನು ತೆರೆದು, ಜೀವಕೋಶ ಸಿದ್ಧಾಂತದ ಚರಿತ್ರೆಯಲ್ಲಿ ಅದರ ಕರ್ತೃವಿಗೆ ಸಲ್ಲಬೇಕಾದ ಸ್ಥಾನವನ್ನು ಕುರಿತು ಲೇಖನ ಬರೆದಿದ್ದ. ಅವನು ತೆರೆದದ್ದು 1824ರ ಪುಸ್ತಕ, ದ್ಯುತ್ರೋಶೆ ಮುಟ್ಟಿದರೆ ಮುನಿಯ ತುಣುಕುಗಳನ್ನು ಆಮ್ಲದಲ್ಲಿ ಬಿಸಿಮಾಡಿದ ಬಗೆಯನ್ನು ವಿವರಿಸಿದ್ದು.